ನಗುವೋ, ಉಸಿರೋ?

ಆ ಲೈಟ್ ಕಂಬವನ್ನು ಫ್ಯಾನ್ ರಿಪೇರಿಯವನು ಇವತ್ತಿಗೂ ಕ್ಷಮಿಸಿಲ್ಲ. ಯಾರು ಬಂದು ಹೇಳಿದರೂ ಕ್ಷಮಿಸುವುದಿಲ್ಲ. "ಹೋಗ್ಲಿ ಬಿಡ್ರೀ, ಆಗಿದ್ದು ಆಯ್ತು" ಎಂದು ಹೆಂಡತಿ ಒಂದು ಸಲ ಬುದ್ಧಿ ಹೇಳಲು ಹೋಗಿ, ಆ ಆಗಿದ್ದನ್ನೇ ಮೊದಲಿಂದ ಕೊನೆಯವರೆಗೆ ಮತ್ತೆ ಕೇಳಬೇಕಾಯಿತು. ಒಲೆಯ ಮೇಲಿದ್ದ ಹಾಲು ಅಷ್ಟರಲ್ಲಿ ಉಕ್ಕಿ ಹೋಯಿತು.

ಆಗಿದ್ದು ಇಷ್ಟು. ಅಕ್ಕನನ್ನು ಕರೆದುಕೊಂಡು ಅವನು ಹಾಡಿನ ಕಾರ್ಯಕ್ರಮಕ್ಕೆ ಹೋಗಿದ್ದ. ಅಕ್ಕ ತಮ್ಮನ ಹತ್ತಿರ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಕೇಳಿದ್ದು ಇದೊಂದೇ: "ಒಂದೇ ಒಂದು ಸಲ ನಮ್ಮವಳನ್ನ ಕಣ್ಣಾರೆ ನೋಡಬೇಕು ಕಣೋ." ನಮ್ಮವಳು ಎಂದರೆ ಆ ಗಾಯಕಿ. ನೆಂಟಸ್ತಿಕೆ ಇಲ್ಲ, ಪರಿಚಯ ಇಲ್ಲ, ಆದರೂ ಅಕ್ಕನ ಬಾಯಲ್ಲಿ ಅವಳು ನಮ್ಮವಳೇ. ಬೇರೆ ಯಾರಾದರೂ ಹಾಗೆ ಅಂದರೆ ಅಕ್ಕನಿಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಒಳ್ಳೆಯ ಜಾಗವೇ ಸಿಕ್ಕಿತ್ತು. ವೇದಿಕೆಗೆ ಹತ್ತಿರ, ನಡುಮಧ್ಯ. ಅಕ್ಕ ಕುಳ್ಳಿ, ನಿಂತರೆ ತಮ್ಮನ ಭುಜಕ್ಕೆ ಬರುತ್ತಾಳೆ, ಕೂತರೆ ಕುರ್ಚಿಯೇ ಅವಳಿಗಿಂತ ಎತ್ತರ. ಮುಂದಿನ ಕುರ್ಚಿ ಖಾಲಿ ಇದ್ದುದರಿಂದ ಮೊದಮೊದಲು ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ಆಮೇಲೆ ತಡವಾಗಿ ಬಂದನಲ್ಲ ಒಬ್ಬ ಉದ್ದನೆಯ ಆಸಾಮಿ, ವೇದಿಕೆಗೆ ಗ್ರಹಣ ಹಿಡಿದ ಹಾಗೆ ಆಯಿತು. ಎಡಕ್ಕೆ ವಾಲಿದರೆ ಅವನ ಭುಜ, ಬಲಕ್ಕೆ ವಾಲಿದರೆ ಅವನ ಇನ್ನೊಂದು ಭುಜ. ಸರಿಯಾಗಿ ಆ ಹೊತ್ತಿಗೇ ಕಿಟಕಿ ಹಾಡು ಶುರುವಾಯಿತು. ಅಕ್ಕ ಯಾವ ಹಾಡಿಗಾಗಿ ಬಂದಿದ್ದಳೋ ಅದೇ ಹಾಡು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ಬೆನ್ನು ತಿರುಗಿಸಿಕೊಂಡು ನೆಟ್ಟ ಕಂಬದ ಹಾಗಿದ್ದ.

ಅಕ್ಕ ಕತ್ತು ನೀಡಿ ನೀಡಿ ನೋಡುವುದನ್ನು ತಮ್ಮ ಸ್ವಲ್ಪ ಹೊತ್ತು ಸಹಿಸಿದ. ಆಮೇಲೆ ಎದ್ದು ನಿಂತು ಒಂದೇ ಸಲಕ್ಕೆ ಬಿಟ್ಟ: "ಏಯ್ ಲೈಟ್ ಕಂಬಾ! ಕೂತ್ಕೊಳ್ಳಯ್ಯಾ! ಹಿಂದೆ ಮನುಷ್ಯರಿದ್ದಾರೆ!"

ಸಭಾಂಗಣ ಘೊಳ್ಳೆಂದಿತು. ಹಾಡು ಎಲ್ಲಿತ್ತು, ಗಾಯಕಿ ಏನು ಮಾಡಿದಳು, ಅದೊಂದೂ ಅವನಿಗೆ ಗೊತ್ತಿಲ್ಲ. ಕೋಪ ಬಂದಾಗ ಅವನಿಗೆ ಎದುರಿನ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಅಕ್ಕ ಅಂಗಿ ಹಿಡಿದು ಎಳೆದು ಕೂರಿಸಿದಳು. ಕಂಬ ಮಾತ್ರ ಒಂದಿಂಚೂ ಕುಗ್ಗಲಿಲ್ಲ.

ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ಅವನು ಬುಸುಗುಟ್ಟಿದ. ಅಕ್ಕನೇ ಸಮಾಧಾನ ಮಾಡಿದಳು. "ಹೋಗ್ಲಿ ಬಿಡೋ. ಕಿವಿ ತುಂಬ ಕೇಳಿಸ್ತಲ್ಲ. ಮತ್ತೆ ಆ ಶರ್ಟು ಇತ್ತಲ್ಲ, ಬೆನ್ನಿನ ಹೊಲಿಗೆ ಬಹಳ ಚೆನ್ನಾಗಿತ್ತು ಕಣೋ. ಎರಡೂ ಕಡೆ ಮಡಿಕೆ ಒಂದೇ ಸಮ."

"ಶರ್ಟು ನೋಡೋಕೆ ಕರ್ಕೊಂಡು ಹೋಗಿದ್ನಾ ನಾನು?" ಎಂದು ಅವನು ಬೀದಿಯಲ್ಲೇ ಕೂಗಿದ. ಮಹಡಿಯ ಮೇಲೆ ಯಾರೋ ಕಿಟಕಿ ಮುಚ್ಚಿಕೊಂಡರು.

ಅಕ್ಕ ಶರ್ಟಿನ ಮಾತು ಎತ್ತಿದ್ದು ಸುಮ್ಮನೆ ಅಲ್ಲ. ಅವಳ ಕೆಲಸವೇ ಶರ್ಟು. ದರ್ಜಿ ಅಂಗಡಿಗಳಿಂದ ಕಟ್ಟುಗಟ್ಟಲೆ ಬಂದ ಶರ್ಟುಗಳಿಗೆ ಗುಂಡಿ ಹಚ್ಚಿ, ಗುಂಡಿ ತೂರುವ ಕಾಜಾ ಹೊಲಿದು ಕೊಡುತ್ತಾಳೆ. ಚಿಕ್ಕ ಹುಡುಗಿಯಾಗಿದ್ದಾಗ ದರ್ಜಿ ಅಂಗಡಿಯ ಮೂಲೆಯಲ್ಲಿ ಕೂತು ಕಲಿತ ಕೆಲಸ. ಆಗ ತಮ್ಮ ಅದೇ ಅಂಗಡಿಯ ಮೇಜಿನ ಕೆಳಗೆ ಕೂತು ಗುಂಡಿಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡುತ್ತಿದ್ದ. ಶಾಲೆ ಇರಲಿಲ್ಲವೇ ಎಂದರೆ, ಇತ್ತು. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟರ ಹತ್ತಿರ ಜಗಳ ಮಾಡಿಕೊಂಡು ಸ್ಲೇಟು ಅಲ್ಲೇ ಬಿಟ್ಟು ಬಂದವನು, ಅದನ್ನು ತರಲು ಇನ್ನೂ ಹೋಗಿಲ್ಲ.

ಅಂಗಡಿಯ ಕಪಾಟಿನ ಮೇಲೆ ಒಂದು ರೇಡಿಯೋ ಇತ್ತು. ಕಿಟಕಿ ಹಾಡು ಬಂದರೆ ಹೊಲಿಗೆ ಮಿಷನ್ನುಗಳೆಲ್ಲ ತಾವಾಗಿ ನಿಧಾನವಾಗುತ್ತಿದ್ದವು. ಅದರ ಎರಡನೇ ಚರಣದಲ್ಲಿ ಒಂದು ಸಾಲು: "ಕಿಟಕಿ ತೆರೆದೇ ಇದೆ, ಬಂದೆಯಾ?" ಆ "ಬಂದೆಯಾ" ಮೇಲಕ್ಕೆ ಏರಿ, ಏರಿದ ಜಾಗದಲ್ಲಿ ಒಂದು ಗಳಿಗೆ ನಿಂತು, ಇಳಿಯುವ ಮೊದಲು ಒಂದು ಸಣ್ಣ ಸದ್ದು. "ಹ". ಅಷ್ಟೇ. ರೆಪ್ಪೆ ಬಡಿಯುವುದರೊಳಗೆ ಹೋಗಿಬಿಡುತ್ತದೆ.

"ಅಲ್ಲಿ ನಮ್ಮವಳು ನಗ್ತಾಳೆ" ಎಂದಳು ಅಕ್ಕ.

"ನಗೂ ಇಲ್ಲ ಗಿಗೂ ಇಲ್ಲ. ಉಸಿರು ತಗೊಳ್ತಾಳೆ" ಎಂದ ಮೇಜಿನ ಕೆಳಗಿನವನು.

"ನಗು."

"ಉಸಿರು!"

ಅಲ್ಲಿಂದ ಶುರುವಾದದ್ದು. ಅವನು ದೊಡ್ಡವನಾಗಿ ಒಬ್ಬ ಮೇಸ್ತ್ರಿಯ ಕೈಕೆಳಗೆ ಫ್ಯಾನು ಬಿಚ್ಚಿ ಕಟ್ಟುವುದನ್ನು ಕಲಿತ, ಸ್ವಂತ ಅಂಗಡಿ ಹಾಕಿದ, ಮದುವೆ ಆದ, ಕಿವಿಯ ಮೇಲೆ ಕೂದಲು ನೆರೆಯಿತು. ಆ ಹಾಡು ಕಿವಿಗೆ ಬಿದ್ದಾಗಲೆಲ್ಲ ಅದೇ ಜಗಳ. ಒಂದು ಸಲ ಜಗಳ ಹೆಚ್ಚಾಗಿ ಪಂದ್ಯ ಕಟ್ಟಿದರು. ಅಕ್ಕ ಸೋತರೆ ಒಂದು ಇಡೀ ದಿನ ಹಾಡು ಗುನುಗಬಾರದು. ಅವಳಿಗೆ ಅದು ಊಟ ಬಿಟ್ಟ ಹಾಗೆ. ಗುನುಗದೆ ಇದ್ದರೆ ಅವಳಿಗೆ ಸೂಜಿಯೇ ಓಡುವುದಿಲ್ಲ. ತಮ್ಮ ಸೋತರೆ?

"ಒಂದು ದಿನ, ಬೆಳಗ್ಗೆ ಎದ್ದಾಗಿಂದ ಮಲಗೋ ತನಕ, ಯಾರ ಮೇಲೂ ರೇಗಬಾರದು. ಒಬ್ಬರ ಮೇಲೂ. ಬೆಕ್ಕಿನ ಮೇಲೂ ಇಲ್ಲ" ಎಂದಳು ಅಕ್ಕ.

ಅವನ ಹೆಂಡತಿಗೆ ನಗು ತಡೆಯಲಾಗಲಿಲ್ಲ. "ಆ ದಿನ ಮುಂಚೆನೇ ಹೇಳಿ ಅತ್ತಿಗೆ. ನಾನು ಕೆಲಸಕ್ಕೆ ರಜಾ ಹಾಕಿ ಮನೇಲೇ ಕೂತು ನೋಡ್ತೀನಿ."

ಪೇಟೆಯಲ್ಲಿ ಅವನಿಗೆ ವೋಲ್ಟೇಜ್ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ತಾನು ರಿಪೇರಿ ಮಾಡಿದ ಫ್ಯಾನನ್ನು ಬೇರೆಯವರು ಬಿಚ್ಚಿದ್ದು ಗೊತ್ತಾದರೆ ಗಿರಾಕಿಯನ್ನು ಬೀದಿಯ ತಿರುವಿನವರೆಗೆ ಬೈಯುತ್ತಾ ಅಟ್ಟಿಸಿಕೊಂಡು ಹೋಗುತ್ತಾನೆ. ಆಮೇಲೆ ವಾಪಸು ಬಂದು ಅದೇ ಫ್ಯಾನನ್ನು ಮತ್ತೆ ಕಟ್ಟಿ, ರೆಕ್ಕೆ ಒರೆಸಿ, ಗಿರಾಕಿಯ ಮನೆಗೆ ತಾನೇ ಹೊತ್ತುಕೊಂಡು ಹೋಗಿ ಕೊಡುತ್ತಾನೆ. ಕೊಡುವಾಗ ಇನ್ನೊಂದು ಸುತ್ತು ಬೈಯುತ್ತಾನೆ.

ಪಂದ್ಯವೇನೋ ಆಯಿತು, ತೀರ್ಪು ಹೇಳುವವರು ಯಾರು? ಆ ಕಾಲದಲ್ಲಿ ಹಾಡನ್ನು ಕೇಳುವುದಿತ್ತೇ ಹೊರತು ನೋಡುವುದಿರಲಿಲ್ಲ. ಆಮೇಲೆ ನಮ್ಮವಳು ಹಾಡುವುದನ್ನೇ ಬಿಟ್ಟು ಬಹಳ ವರ್ಷ ಎಲ್ಲೋ ಮರೆಯಾಗಿದ್ದಳು. ತಲೆ ಪೂರ್ತಿ ಬೆಳ್ಳಗಾದ ಮೇಲೆ ಮತ್ತೆ ವೇದಿಕೆ ಹತ್ತಿದಳು. ಅದಕ್ಕೇ ಅಕ್ಕ ಅಷ್ಟು ಹಂಬಲಿಸಿದ್ದು. ಮುಖ ನೋಡಬೇಕು, ಆ "ಬಂದೆಯಾ" ಬಂದಾಗ ತುಟಿ ನೋಡಬೇಕು, ತಮ್ಮನ ಕಿವಿ ಹಿಂಡಬೇಕು. ನೋಡಿದ್ದು ಶರ್ಟಿನ ಹೊಲಿಗೆ.

ಕಾರ್ಯಕ್ರಮ ಮುಗಿದ ಕೆಲವು ದಿನಕ್ಕೆ ಅವನ ಫೋನು ಟಿಣ್ ಎಂದಿತು. ಯಾರೋ ಅವನನ್ನು ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದ್ದರು. ಗುಂಪಿನ ಹೆಸರು "ನಮ್ಮ ಫ್ಯಾನ್ಸ್". ಅವನಿಗೆ ಬಹಳ ಸಂತೋಷವಾಯಿತು. ಎಷ್ಟೋ ದಿನದಿಂದ ಅವನೇ ಅಂದುಕೊಳ್ಳುತ್ತಿದ್ದ, ಫ್ಯಾನು ಕೆಟ್ಟವರೆಲ್ಲ ಒಂದು ಕಡೆ ಸೇರಿ ಒಟ್ಟಿಗೆ ತಂದರೆ ಕೆಲಸ ಎಷ್ಟು ಸಲೀಸು ಎಂದು. ಗುಂಪಿನಲ್ಲಿ ಮೊದಲ ಸಂದೇಶವೂ ಹಾಗೇ ಇತ್ತು: "ಫ್ಯಾನ್ಸ್ ಎಲ್ಲ ಒಂದೇ ಕಡೆ ಸೇರಿದ್ದೀವಿ. ನಿಮ್ಮ ನಿಮ್ಮ ಹತ್ತಿರ ಇರೋದನ್ನ ಹಾಕಿ."

ಅವನು ಬರೆಯುವ ಗೋಜಿಗೆ ಹೋಗುವವನಲ್ಲ. ಅಕ್ಷರ ಹುಡುಕಿ ಒತ್ತುವುದರೊಳಗೆ ಹೇಳಬೇಕೆಂದದ್ದು ತಣ್ಣಗಾಗುತ್ತದೆ. ಬಾಯಲ್ಲೇ ಹೇಳಿ ಕಳಿಸಿದ: "ನೋಡಿ, ಎಷ್ಟು ಫ್ಯಾನ್ ಇದ್ರೂ ತನ್ನಿ. ಸೀಲಿಂಗೋ ಟೇಬಲ್ಲೋ ಮೊದಲೇ ಹೇಳಿ. ಸುಟ್ಟುಹೋಗಿದ್ರೆ ಹೊಸದಾಗಿ ತಂತಿ ಸುತ್ತಬೇಕು. ಅರ್ಜೆಂಟು ಅರ್ಜೆಂಟು ಅಂತ ತಲೆ ತಿನ್ನಬಾರದು."

ಆಮೇಲೆ ಒಬ್ಬ ಬಸ್ ಡ್ರೈವರ್ ಬಾಯಲ್ಲೇ ಉತ್ತರ ಕೊಟ್ಟ: "ಅಣ್ಣಾ, ನಂದು ಪೂರ್ತಿ ಸುಟ್ಟುಹೋಗಿದೆ. ಮೊನ್ನೆ ಹಾಡು ಕೇಳಿದಾಗಿಂದ ಗಿರ್ರಂತ ತಿರುಗ್ತಾನೇ ಇದೆ. ಸ್ವಿಚ್ ಆಫ್ ಮಾಡಿದ್ರೂ ನಿಲ್ತಿಲ್ಲ."

"ಆಫ್ ಮಾಡಿದ್ಮೇಲೂ ತಿರುಗೋಕೆ ಅದೇನು ದೆವ್ವಾನಾ? ಯಾವನೋ ವೈರು ತಪ್ಪು ಕೊಟ್ಟಿದ್ದಾನೆ. ಯಾರು ಮಾಡಿದ್ದು ಆ ಕೆಲಸ? ಅವನ ಹೆಸರು ಹೇಳಿ ಮೊದಲು!"

ನಗುವ ಮುಖಗಳು ಮಳೆ ಬಿದ್ದ ಹಾಗೆ ಬಿದ್ದವು. ಆಗ ಗುಂಪು ಕಟ್ಟಿದ ನರ್ಸಮ್ಮ ವಿಷಯ ಬಿಡಿಸಿ ಹೇಳಿದಳು. ಆಸ್ಪತ್ರೆಯ ಈ ನರ್ಸಮ್ಮನ ಟೇಬಲ್ ಫ್ಯಾನನ್ನು ಅವನು ಹಿಂದೊಮ್ಮೆ ರಿಪೇರಿ ಮಾಡಿದ್ದ. ಅವಳ ಫೋನಿನಲ್ಲಿ ಅವನು "ಫ್ಯಾನ್ ಅಣ್ಣ". ಗಾಯಕಿಯ ಅಭಿಮಾನಿಗಳನ್ನೂ ಅವಳು "ಫ್ಯಾನ್ ಡ್ರೈವರ್", "ಫ್ಯಾನ್ ಬೇಕರಿ" ಎಂದೇ ಬರೆದಿಟ್ಟುಕೊಂಡಿದ್ದಳು. ಫ್ಯಾನ್ ಎಂದು ಇದ್ದವರನ್ನೆಲ್ಲ ಒಂದೇ ಸಲಕ್ಕೆ ಬಾಚಿ ಗುಂಪಿಗೆ ಹಾಕಿದ್ದಳು.

"ತಪ್ಪು ತಿಳ್ಕೋಬೇಡಿ ಅಣ್ಣಾ. ಬೇಕಾದ್ರೆ ತೆಗೆದುಬಿಡ್ತೀನಿ."

ತೆಗಿಯಮ್ಮಾ, ನನಗೇನು ಬೇರೆ ಕೆಲಸ ಇಲ್ವಾ, ಎಂದು ಹೇಳಲು ಅವನು ಬಾಯಿ ತೆರೆದೂ ಇದ್ದ. ಅಷ್ಟರಲ್ಲಿ ಡ್ರೈವರ್ ಒಂದು ವಿಡಿಯೋ ಹಾಕಿದ. ಬೆಳ್ಳನೆಯ ತಲೆ, ಹಸಿರು ಸೀರೆ, ಒಂದು ಕೈ ಮೇಲೆ. ಧ್ವನಿ ಕೇಳಿದ್ದೇ ತಡ, ಅಂಗಡಿಯ ಎದುರು ಮೆಟ್ಟಿಲ ಮೇಲೆ ಕೂತು ಕಾಜಾ ಹೊಲಿಯುತ್ತಿದ್ದ ಅಕ್ಕ ಸೂಜಿ ಸಮೇತ ಒಳಗೆ ಓಡಿಬಂದಳು.

"ನಮ್ಮವಳು! ಎಲ್ಲೋ? ತೋರಿಸೋ!"

ಅವನು ಗುಂಪು ಬಿಡಲಿಲ್ಲ.

ಅವತ್ತಿನಿಂದ ಅಂಗಡಿ ಒಂದು ಟಾಕೀಸು ಆಯಿತು. ಫ್ಯಾನಿನ ಹೊಟ್ಟೆಯಿಂದ ಸುಟ್ಟ ತಂತಿ ಕೀಳುತ್ತಾ ಅವನು, ಗುಂಡಿ ಹಚ್ಚುತ್ತಾ ಅಕ್ಕ, ಇಬ್ಬರ ನಡುವೆ ವಾರ್ನಿಷ್ ಡಬ್ಬಕ್ಕೆ ಒರಗಿ ನಿಂತ ಫೋನು. ಎಂಥೆಂಥ ವಿಡಿಯೋ ಬರುತ್ತಿದ್ದವು! ಡ್ರೈವರ್ ಕೊನೆಯ ಸಾಲಿನಲ್ಲಿದ್ದ; ಅವನ ವಿಡಿಯೋಗಳಲ್ಲಿ ಗಾಯಕಿ ಬೆಂಕಿಕಡ್ಡಿಯಷ್ಟು. ಆದರೆ ಇಡೀ ಸಭೆ ಒಟ್ಟಿಗೆ ತಲೆದೂಗುವುದು ಗಾಳಿಗೆ ಹೊಲ ತೂಗಿದ ಹಾಗೆ ಕಾಣುತ್ತಿತ್ತು. ಒಬ್ಬರ ವಿಡಿಯೋದಲ್ಲಿ ಮಗು ಅಳುತ್ತಿತ್ತು, ಹಾಡು ಏರಿದಾಗ ಅದೂ ಏರಿಸುತ್ತಿತ್ತು. "ಶ್ರುತಿ ಬಿಟ್ಟಿಲ್ಲ ನೋಡ್ರೀ ಕಂದ" ಎಂದು ಗುಂಪು ಅದನ್ನೇ ಹತ್ತು ಸಲ ಕೇಳಿತು. ನರ್ಸಮ್ಮ ಹಾಕಿದ್ದರಲ್ಲಿ ಮೊದಲಿಂದ ಕೊನೆಯವರೆಗೆ ಅವಳ ಹೆಬ್ಬೆರಳು. ಕೆಂಪಗೆ ಸೂರ್ಯೋದಯದ ಹಾಗೆ, ಅದರ ಹಿಂದೆ ಧ್ವನಿ. ಒಬ್ಬರು ಫೋನು ತಿರುಗಿಸಿ ಹಿಡಿದು ತಮ್ಮ ಮುಖವನ್ನೇ ಹಿಡಿದಿದ್ದರು. ಹಾಡು ಕೇಳುತ್ತಾ ಅವರ ಮುಖ ಅರಳುತ್ತಾ ಹೋಗುವುದನ್ನು ನೋಡಿ ಅಕ್ಕ, "ಇದೇ ಎಲ್ಲಕ್ಕಿಂತ ಚೆನ್ನಾಗಿದೆ ಕಣೋ" ಎಂದಳು. ಇನ್ನೊಬ್ಬರದರಲ್ಲಿ ಬರೀ ಚಾವಣಿ. ಅವನಿಗೆ ಅದೇ ಇಷ್ಟವಾಯಿತು. "ಆ ನಡುವಿನ ಫ್ಯಾನು ನೋಡಕ್ಕಾ, ಅಲ್ಲಾಡ್ತಿದೆ. ಒಂದು ರೆಕ್ಕೆ ಬಾಗಿದೆ. ಅಷ್ಟು ಜನರ ತಲೆ ಮೇಲೆ! ಯಾವ ಬೇವಾರ್ಸಿ ಹಾಕಿದ್ದು ಅದನ್ನ?"

ಗುಂಪಿಗೆ ನರ್ಸಮ್ಮ ಒಂದೇ ಕಟ್ಟಳೆ ಮಾಡಿದ್ದಳು: ಯಾರ ವಿಡಿಯೋವನ್ನೂ ಕೆಟ್ಟದ್ದು ಅನ್ನಬಾರದು. ಅವನು ಅದನ್ನು ಎರಡೇ ದಿನಕ್ಕೆ ಮುರಿದ. ಬೇಕರಿಯವನು ಹಾಕಿದ ವಿಡಿಯೋ ಭೂಕಂಪದಲ್ಲಿ ಹಿಡಿದ ಹಾಗಿತ್ತು. "ಕೈ ನಡುಗೋರು ಯಾಕಯ್ಯಾ ಫೋನ್ ಹಿಡೀತೀರಾ? ಕಣ್ಣು ಗಿರ್ ಅನ್ನುತ್ತೆ!" ಎಂದು ಬೈದು ಕಳಿಸಿದ.

ಬೇಕರಿಯವನು ಸಾವಧಾನವಾಗಿ ಉತ್ತರಿಸಿದ: "ನಡುಗಿದ್ದು ಕೈ ಅಲ್ಲಣ್ಣಾ, ಕುರ್ಚಿ. ಪಕ್ಕದ ಕುರ್ಚೀಲಿ ನನ್ನ ಹೆಂಡ್ತಿ ಕೂತಲ್ಲೇ ಕುಣೀತಿದ್ಲು. ಮದುವೆ ಆದಾಗಿಂದ ಅವಳು ಕುಣಿದಿದ್ದು ಅವತ್ತೇ ಮೊದಲು. ಕುರ್ಚಿಗಳನ್ನ ಒಂದಕ್ಕೊಂದು ಕಟ್ಟಿದ್ರು, ನಾನೇನು ಮಾಡ್ಲಿ?"

ಅಕ್ಕ ಆ ವಿಡಿಯೋ ಮತ್ತೆ ಹಾಕಿಸಿದಳು. ಈ ಸಲ ಆ ನಡುಕವನ್ನೇ ನೋಡುತ್ತಾ ಇಬ್ಬರೂ ನಕ್ಕರು. ತಾಳಕ್ಕೆ ಸರಿಯಾಗಿಯೇ ನಡುಗುತ್ತಿತ್ತು.

ಎಲ್ಲ ಹಾಡೂ ಬಂದವು, ಕಿಟಕಿ ಹಾಡು ಮಾತ್ರ ಬರಲಿಲ್ಲ. ಡ್ರೈವರ್ ಫೋನು ಅಷ್ಟು ಹೊತ್ತಿಗೆ ತುಂಬಿ ಹೋಗಿತ್ತಂತೆ. ನರ್ಸಮ್ಮನಿಗೆ ಆಸ್ಪತ್ರೆಯಿಂದ ಕರೆ ಬಂದು ಹೊರಗೆ ಹೋಗಿದ್ದಳಂತೆ. ಬೇಕರಿಯವನು ಹಿಡಿದಿದ್ದ, ಆದರೆ ಎರಡನೇ ಚರಣಕ್ಕೆ ಬರುವಾಗ ಹೆಂಡತಿ ಅವನ ಕೈಯನ್ನೇ ಹಿಡಿದುಕೊಂಡಳಂತೆ, ಮುಂದಿನದೆಲ್ಲ ಕತ್ತಲು. ಅಕ್ಕ ಪ್ರತಿ ಟಿಣ್ ಶಬ್ದಕ್ಕೂ ತಲೆ ಎತ್ತುವಳು, ಮತ್ತೆ ಸೂಜಿಗೆ ಬಗ್ಗುವಳು. ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅದೇ ಅವನಿಗೆ ತಡೆಯಲಾಗದ್ದು. ಪಂದ್ಯ ಹಾಳಾಗಿ ಹೋಗಲಿ, ಅಕ್ಕ ಆ ಮುಖ ನೋಡಬೇಕು.

ಕೊನೆಗೆ ಅವನು ಫೋನು ಎತ್ತಿ, ತನಗೆ ಗೊತ್ತಿದ್ದಷ್ಟು ಮೆತ್ತಗೆ ಕೇಳಿದ: "ನಮ್ಮಕ್ಕ ಆ ಹಾಡಿಗೇ ಬಂದಿದ್ಲು. ಮುಂದೆ ಯಾವನೋ ಒಬ್ಬ ಅಡ್ಡ ನಿಂತು ಏನೂ ಕಾಣಿಸ್ಲಿಲ್ಲ. ಎರಡನೇ ಚರಣ ಯಾರ ಹತ್ರನಾದ್ರೂ ಇದ್ರೆ ದಯವಿಟ್ಟು ಹಾಕಿ. ನಿಮ್ಮ ಮನೆ ಫ್ಯಾನು ಜನ್ಮ ಪೂರ್ತಿ ನಾನು ನೋಡ್ಕೋತೀನಿ."

ಗುಂಪಿನಲ್ಲಿ ಇದುವರೆಗೆ ಸದ್ದೇ ಮಾಡದ ಒಬ್ಬನಿಂದ ಉತ್ತರ ಬಂತು: "ನನ್ನ ಹತ್ತಿರ ಪೂರ್ತಿ ಹಾಡು ಇದೆ. ಆದರೆ ಮಧ್ಯದಲ್ಲಿ ಯಾರೋ ಅರಚಿ ಹಾಳು ಮಾಡಿದ್ದಾರೆ. ಅದಕ್ಕೇ ಹಾಕಿರಲಿಲ್ಲ."

"ಹಾಕಿ ಹಾಕಿ! ಅರಚಿದವನ ಬಾಯಿಗೆ ಮಣ್ಣು ಹಾಕ" ಎಂದ ಅವನು.

ವಿಡಿಯೋ ಬಂತು. ಅಕ್ಕ ಕನ್ನಡಕ ಸೆರಗಿನಿಂದ ಒರೆಸಿಕೊಂಡಳು. ಅವನು ಪರೀಕ್ಷೆಗೆಂದು ತಿರುಗಲು ಬಿಟ್ಟಿದ್ದ ಫ್ಯಾನುಗಳನ್ನೆಲ್ಲ ನಿಲ್ಲಿಸಿದ. ಅಂಗಡಿ ಅಷ್ಟು ನಿಶ್ಶಬ್ದವಾಗಿದ್ದು ಅದೇ ಮೊದಲು.

ಬಂಗಾರದಂಥ ವಿಡಿಯೋ. ಅಲುಗಾಟವಿಲ್ಲ, ಬೆರಳಿಲ್ಲ, ಯಾರ ತಲೆಯೂ ಅಡ್ಡ ಇಲ್ಲ. ಗಾಯಕಿಯ ಮುಖ ಕೈಗೆಟಕುವಷ್ಟು ಹತ್ತಿರ; ಕಿವಿಯ ಓಲೆ ತೂಗುವುದೂ ಕಾಣುತ್ತಿತ್ತು. ಅಕ್ಕ ಫೋನಿನ ಹತ್ತಿರಕ್ಕೆ ಸರಿದಳು. ಮೊದಲ ಚರಣ ಆಯಿತು. ಎರಡನೆಯದು ಬಂತು. "ಕಿಟಕಿ ತೆರೆದೇ ಇದೆ..." ಕೈ ಮೇಲೆ ಹೋಯಿತು. "ಬಂದೆ..."

"ಏಯ್ ಲೈಟ್ ಕಂಬಾ! ಕೂತ್ಕೊಳ್ಳಯ್ಯಾ! ಹಿಂದೆ ಮನುಷ್ಯರಿದ್ದಾರೆ!"

ಗಾಯಕಿ ನಕ್ಕಳು. ಬಾಯಿ ತುಂಬ, ಕಣ್ಣು ತುಂಬ, ಹಲ್ಲು ಕಾಣುವ ಹಾಗೆ ನಕ್ಕಳು. ನಕ್ಕುಕೊಂಡೇ ಆ "ಯಾ" ಅನ್ನು ಇಳಿಸಿದಳು.

"ನಕ್ಕಳು!" ಅಕ್ಕನ ಮಡಿಲಿನಿಂದ ಗುಂಡಿಗಳು ಚೆಲ್ಲಾಪಿಲ್ಲಿಯಾದವು. "ನಕ್ಕಳೋ! ನೋಡಿದ್ಯಾ? ಸೋತೆ ನೀನು, ಸೋತೆ!"

ತಮ್ಮನ ಕಿವಿಗೆ ಅದು ಬೀಳಲೇ ಇಲ್ಲ. ಅವನ ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿತ್ತು. ಇಷ್ಟು ಹತ್ತಿರದಿಂದ, ಇಷ್ಟು ಎತ್ತರದಿಂದ, ಯಾರ ತಲೆಯೂ ಅಡ್ಡ ಬಾರದ ಹಾಗೆ ವಿಡಿಯೋ ಹಿಡಿದವನು ಯಾರು? ಫೋನು ಕಸಿದುಕೊಂಡು, ಗುಂಡಿ ಒತ್ತಿ, ಅಂಗಡಿ ಅದುರುವ ಹಾಗೆ ಕೂಗಿದ: "ಏಯ್ ಲೈಟ್ ಕಂಬಾ! ನೀನೇ ಏನಯ್ಯಾ ಅದು!"

ಗುಂಪಿಗೆ ಇನ್ನೇನು ಸಾಕ್ಷಿ ಬೇಕು? ವಿಡಿಯೋದಲ್ಲಿ ಇದ್ದ ಅದೇ ಗಂಟಲು, ಅದೇ ಏರು, ಅದೇ "ಏಯ್".

"ಅಯ್ಯೋ, ಅರಚಿದ್ದು ನಮ್ಮ ಫ್ಯಾನ್ ಅಣ್ಣ!" ಎಂದು ನರ್ಸಮ್ಮ ಬರೆದಳು.

"ಬಾಯಿಗೆ ಮಣ್ಣು ತರ್ಲಾ ಅಣ್ಣಾ? ಬಸ್ಸಲ್ಲಿ ಹಾಕ್ಕೊಂಡು ಬರ್ತೀನಿ" ಎಂದ ಡ್ರೈವರ್.

ಈ ಗದ್ದಲದ ನಡುವೆ ಲೈಟ್ ಕಂಬದ ಉತ್ತರ ಬಂತು. ಉದ್ದ ಆಳಿಗೆ ಸಣ್ಣ ಧ್ವನಿ. "ಅಣ್ಣಾ, ನಾನು ನಿಂತಿರ್ಲಿಲ್ಲ. ಕೂತೇ ಇದ್ದೆ."

"ಸುಳ್ಳು!"

"ಆಣೆಗೂ ಕೂತಿದ್ದೆ ಅಣ್ಣಾ. ನಾನು ಕೂತ್ರೂ ಅಷ್ಟೇ. ಹಿಂದಿನವರಿಗೆ ಅಡ್ಡ ಆಗಬಾರದು ಅಂತ ಫೋನನ್ನೂ ಎದೆಗೆ ಒತ್ತಿ ಹಿಡಿದಿದ್ದೆ."

ಮರುದಿನ ಮಧ್ಯಾಹ್ನ ಆಸಾಮಿ ಅಂಗಡಿಗೇ ಬಂದ. ಬಾಗಿಲಲ್ಲಿ ಬಗ್ಗಿ ಒಳಗೆ ಬಂದು, ನೆಟ್ಟಗಾಗುವಷ್ಟರಲ್ಲಿ ನೇತುಹಾಕಿದ್ದ ಫ್ಯಾನಿನ ರೆಕ್ಕೆ ಹಣೆಗೆ ಬಡಿಯಿತು. ಪುಣ್ಯಕ್ಕೆ ಅದು ನಿಂತಿತ್ತು.

"ಕೂತ್ಕೊಳ್ಳಯ್ಯಾ!" ಎಂದು ವೋಲ್ಟೇಜ್ ಅಭ್ಯಾಸಬಲದಿಂದ ಗದರಿದ.

ಅವನು ಸ್ಟೂಲಿನ ಮೇಲೆ ಕೂತ. ಅಕ್ಕ ಕತ್ತಿನಲ್ಲಿ ನೇತಾಡುತ್ತಿದ್ದ ಅಳತೆ ಟೇಪು ತೆಗೆದು, ಸ್ಟೂಲಿನಿಂದ ಅವನ ನೆತ್ತಿಯವರೆಗೆ ಹಿಡಿದು, ಆಮೇಲೆ ಪಕ್ಕದಲ್ಲಿ ತಾನೇ ನಿಂತು ನೋಡಿದಳು. ನಿಂತ ಅಕ್ಕನ ಬೈತಲೆಗಿಂತ ಕೂತ ಅವನ ತಲೆ ಮೇಲೇ ಇತ್ತು.

"ಪಾಪ ಕಣೋ. ಕೂತೇ ಇದ್ದಾನೆ" ಎಂದಳು.

"ಸ್ಟೂಲು ಎತ್ತರ ಇದೆ" ಎಂದ ತಮ್ಮ.

ಲೈಟ್ ಕಂಬಕ್ಕೆ ಚಪ್ಪಲಿ ಅಂಗಡಿಯಲ್ಲಿ ಕೆಲಸ. ಅವನು ತಲೆ ತಗ್ಗಿಸಿ ಹೇಳಿದ: "ದಿನವೆಲ್ಲ ಗಿಡ್ಡ ಮಣೆ ಮೇಲೆ ಜನರ ಕಾಲ ಬುಡದಲ್ಲೇ ಕೂತಿರ್ತೀನಿ ಅಕ್ಕಾ. ಬಗ್ಗಿ ಬಗ್ಗಿ ಬೆನ್ನು ಹೋಗಿದೆ. ಅವತ್ತೊಂದು ಸಂಜೆ ನೆಟ್ಟಗೆ ಕೂತು ಹಾಡು ಕೇಳೋಣ ಅಂತ ಬಂದೆ. ಹಿಂದೆ ತಿರುಗಿ ನೋಡಬೇಕಿತ್ತು. ತಪ್ಪಾಯ್ತು."

ಅಕ್ಕನ ಕಣ್ಣು ಅವನ ಬೆನ್ನಿನ ಮೇಲಿತ್ತು. "ಅದೇ ಶರ್ಟಲ್ವಾ ಇದು? ಹೊಲಿಗೆ ಯಾರದು?"

"ನನ್ನ ಹೆಂಡ್ತಿ ಹೊಲಿದಿದ್ದು. ನನ್ನ ಅಳತೆಗೆ ಅಂಗಡೀಲಿ ಸಿಗೋದಿಲ್ಲ."

"ಕೆಳಗಿನ ಗುಂಡಿ ಸಡಿಲ ಆಗಿದೆ. ಇರು, ಹಚ್ಚಿಕೊಡ್ತೀನಿ." ಅಲ್ಲಿಗೆ ಅಕ್ಕನ ಕಡೆಯಿಂದ ಆ ವ್ಯವಹಾರ ಮುಗಿಯಿತು. ತಮ್ಮ ಟೀ ತರಿಸಿದ, ಕೊಡುವಾಗ ಲೋಟ ಸ್ವಲ್ಪ ಜೋರಾಗಿ ಇಟ್ಟ. ಕ್ಷಮೆ ಬೇರೆ, ಟೀ ಬೇರೆ.

ಪಂದ್ಯ ಮಾತ್ರ ಮುಗಿಯಲಿಲ್ಲ. ಕೋಪ ಇಳಿದ ಮೇಲೆ ಅವನು ವಿಡಿಯೋವನ್ನು ಮತ್ತೆ ಮತ್ತೆ ನೋಡಿ ಎದ್ದು ನಿಂತ. "ಅಕ್ಕಾ, ಇದು ನಡೆಯಲ್ಲ. ಅವಳು ನಕ್ಕಿದ್ದು ಹಾಡಿಗಲ್ಲ. ನನ್ನ ಕೂಗಿಗೆ ನಕ್ಕಿದ್ದು."

"ನಿನ್ನ ಕೂಗಿಗೆ ಯಾರಾದ್ರೂ ನಗ್ತಾರೇನೋ? ಹೆದರ್ಕೋತಾರೆ. ಕೂಗೋಕೆ ಮೊದಲೇ ತುಟಿ ಅರಳಿದೆ, ನೋಡು."

"ಆಮೇಲೆ ಅರಳಿದ್ದು!"

"ಮೊದಲು!"

ಲೈಟ್ ಕಂಬ ಫೋನಿನಲ್ಲಿ ಹಾಡನ್ನು ನಿಧಾನ ಮಾಡಿ ತೋರಿಸಿದ. ನಿಧಾನ ಮಾಡಿದಾಗ ವೋಲ್ಟೇಜಿನ ಕೂಗು ಎಮ್ಮೆ ಕೂಗಿದ ಹಾಗೆ ಕೇಳಿಸಿ ಮೂವರಿಗೂ ನಗು ಬಂದು, ತುಟಿ ನೋಡುವುದೇ ಮರೆತುಹೋಯಿತು. ಗುಂಪಿನಲ್ಲಿ ಎರಡು ಪಂಗಡ ಆದವು. ನರ್ಸಮ್ಮ, ಬೇಕರಿಯವನ ಹೆಂಡತಿ ನಗುವಿನ ಕಡೆ. ಡ್ರೈವರ್ ಉಸಿರಿನ ಕಡೆ. ಅವನು ದಿನವೆಲ್ಲ ಹಾರನ್ ಒತ್ತುವವನು, ಕೂಗಿಗೆ ಜನ ಏನು ಮಾಡುತ್ತಾರೆಂದು ತನಗೆ ಗೊತ್ತು ಎಂದ. ತೀರ್ಪು ಆಗಲಿಲ್ಲ. ನಗುವನ್ನು ಹಿಡಿದ ಒಂದೇ ಒಂದು ವಿಡಿಯೋವನ್ನು ಸ್ವಂತ ಬಾಯಿಂದಲೇ ಕೆಡಿಸಿಕೊಂಡಿದ್ದ ತಮ್ಮ. ಅಕ್ಕನಿಗೆ ಅದರ ಚಿಂತೆಯೂ ಇರಲಿಲ್ಲ. ಮುಖವನ್ನಂತೂ ನೋಡಿದ್ದಳು. ಒಂದು ಶರ್ಟಿಗೆ ಒಂದು ಸಲದಂತೆ ನೋಡುತ್ತಲೇ ಇದ್ದಳು.

ಚಳಿ ಕಳೆಯುವ ಹೊತ್ತಿಗೆ ನಮ್ಮವಳು ಮತ್ತೆ ಬಂದಳು. ಈ ಸಲ ಇಡೀ ಗುಂಪು ಒಟ್ಟಿಗೆ ಹೋಯಿತು, ಡ್ರೈವರ್ ರಜೆ ಹಾಕಿದ್ದ, ಬೇಕರಿಯವನು ಹೆಂಡತಿಗೆ ಕಟ್ಟದೆ ಬಿಟ್ಟ ಒಂಟಿ ಕುರ್ಚಿ ಹುಡುಕಿಕೊಟ್ಟ. ಲೈಟ್ ಕಂಬ ತಾನಾಗಿಯೇ ಕೊನೆಯ ಸಾಲಿಗೆ ಹೋಗಿ, ಎಲ್ಲರ ತಲೆಯ ಮೇಲಿಂದ ಫೋನು ಹಿಡಿದ. ಅಕ್ಕ, ತಮ್ಮ ಎಲ್ಲರಿಗಿಂತ ಮುಂದೆ. ನಡುವೆ ಗಾಳಿ ಬಿಟ್ಟರೆ ಏನೂ ಇಲ್ಲ.

ಕಿಟಕಿ ಹಾಡು ಬಂತು. ಎರಡನೇ ಚರಣಕ್ಕೆ ಬರುತ್ತಿದ್ದ ಹಾಗೆ ಅಕ್ಕನಿಗೆ ದಿಗಿಲು ಹುಟ್ಟಿತು: ಇವನು ಮತ್ತೆ ಬಾಯಿ ಹಾಕಿದರೆ? ಸಾಲು ಶುರುವಾದದ್ದೇ ತಡ, ತಿರುಗಿ ತಮ್ಮನ ಬಾಯಿಗೆ ಅಂಗೈ ಒತ್ತಿದಳು. ತಮ್ಮ ಆ ಕೈ ಬಿಡಿಸಿಕೊಳ್ಳಲು ಅವಳ ಕಡೆಗೆ ತಿರುಗಿದ. ಸರಿಯಾಗಿ ಆಗ ಗಾಯಕಿ, "ಕಿಟಕಿ ತೆರೆದೇ ಇದೆ" ಎಂದು ಅಲ್ಲಿಗೆ ನಿಲ್ಲಿಸಿ, ಮೈಕನ್ನು ಜನರ ಕಡೆಗೆ ಚಾಚಿದಳು.

"ಬಂದೆಯಾ?" ಎಂದು ಇಡೀ ಸಭಾಂಗಣ ಹಾಡಿತು.

ಅಕ್ಕ ಹಾಡಿದಳು, ಅವಳ ಕೈಯೊಳಗಿಂದ ತಮ್ಮನೂ ಹಾಡಿದ. ಏರಿ, ನಿಂತು, ಇಳಿಯುವ ಮೊದಲು ಅವನ ಬಾಯಿಂದ ಒಂದು ಸಣ್ಣ ಸದ್ದು ಹೊರಟು ಅಕ್ಕನ ಅಂಗೈಗೆ ಬೆಚ್ಚಗೆ ತಾಗಿತು. "ಹ."

ಅಕ್ಕ ಕೈ ತೆಗೆದು ಅವನ ಮುಖ ನೋಡಿದಳು. "ನಕ್ಕೆಯಲ್ಲೋ?"

"ಇಲ್ಲ" ಎಂದ ಅವನು, ಕಿವಿಯಿಂದ ಕಿವಿಯವರೆಗೆ ಬಾಯಿ ತೆರೆದುಕೊಂಡು. "ಉಸಿರು."

ಲೈಟ್ ಕಂಬದ ವಿಡಿಯೋದಲ್ಲಿ ಎಲ್ಲ ಚೆನ್ನಾಗಿ ಬಂದಿದೆ. ಚಾಚಿದ ಮೈಕು, ಹಾಡುವ ಜನ, ಎಲ್ಲಕ್ಕೂ ಮುಂದೆ ವೇದಿಕೆಯನ್ನು ಬಿಟ್ಟು ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತ ಇಬ್ಬರು. ಗುಂಪಿನವರು ಹೆಚ್ಚು ಸಲ ನೋಡಿದ ವಿಡಿಯೋ ಅದೇ.

ಅಕ್ಕ ಈಗಲೂ ಬಿಟ್ಟಿಲ್ಲ. ತಿಂಗಳಿಗೊಮ್ಮೆ ಸೂಜಿಗೆ ದಾರ ಪೋಣಿಸುತ್ತಾ, "ನಂದೊಂದು ದಿನ ಬಾಕಿ ಇದೆ ಕಣೋ" ಎಂದು ನೆನಪು ಮಾಡುತ್ತಾಳೆ. ಒಂದು ಬೆಳಗ್ಗೆ ಅವನಿಗೂ ಪಾಪ ಅನ್ನಿಸಿ, ಸರಿ, ಇವತ್ತು ತೀರಿಸಿಯೇ ಬಿಡೋಣ ಎಂದು ಯಾರಿಗೂ ಹೇಳದೆ ಎದ್ದ. ಬೆಕ್ಕು ಹಾಲು ಚೆಲ್ಲಿತು, ಸುಮ್ಮನಿದ್ದ. ಕರೆಂಟು ಹೋಯಿತು, ಸುಮ್ಮನಿದ್ದ. ಹೆಂಡತಿ ಹಣೆ ಮುಟ್ಟಿ, "ಜ್ವರ ಇದೆಯೇನ್ರೀ?" ಎಂದಳು. ಆಗಲೂ ಸುಮ್ಮನಿದ್ದ. ಅಂಗಡಿ ಬಾಗಿಲು ತೆಗೆದಾಗ ಲೈಟ್ ಕಂಬ ಟೀಗೆ ಬಂದು, ಸ್ಟೂಲಿನ ಮೇಲೆ ಕೂತು, "ಏನೇ ಹೇಳಿ ಅಣ್ಣಾ, ಅವತ್ತು ನಾನು ಕೂತೇ ಇದ್ದೆ" ಎಂದ.

ಬೀದಿಯ ತಿರುವಿನವರೆಗೂ ಕೇಳಿಸಿತು. ಎದುರು ಮೆಟ್ಟಿಲ ಮೇಲೆ ಅಕ್ಕ ತಲೆ ಎತ್ತದೆ, ಕಿಟಕಿ ಹಾಡು ಗುನುಗುತ್ತಾ, ಮುಂದಿನ ಗುಂಡಿ ಎತ್ತಿಕೊಂಡಳು.